ಕುಂಬಳಕಾಯಿಯೊಳಗಿನ ರೂಪಾಯಿ

ನಮ್ಮ ಮನೆಯವರು ಹೊಡೆದಾಡದೆ ಒಂದು ಕೆಲಸವನ್ನೂ ಮುಗಿಸಿದವರಲ್ಲ. ಬೆಟಗೇರಿಯಲ್ಲಿ ಮಗ್ಗ ನಿಂತ ಮೇಲೆ ಅಜ್ಜ ರಸ್ತೆ ಗುತ್ತಿಗೆ ಹಿಡಿದ. ಅಪ್ಪ, ಕಾಕಾ ಸೇರಿ ಅದನ್ನು ವಿಮಾನದ ರನ್‌ವೇವರೆಗೆ ಒಯ್ದರು. ಊರೂರು ತಿರುಗಿ ಕಾಂಕ್ರೀಟ್ ಹಾಸುವುದು, ನಡುನಡುವೆ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯುವುದು, ಸಂಜೆ ಒಂದೇ ತಾಟಿನಲ್ಲಿ ರೊಟ್ಟಿ ತಿನ್ನುವುದು. ನಾನು ಬೆಳೆದದ್ದೇ ಇದನ್ನು ನೋಡುತ್ತ.

ಅಪ್ಪನ ಸಿಟ್ಟೆಲ್ಲ ಒಂದೇ ವಿಷಯಕ್ಕೆ. ಮುಗಿದ ರನ್‌ವೇ ಮೇಲೆ ಒಂದು ಕಲ್ಲಿನ ಹರಳೂ ಬೀಳಬಾರದು. ಎಂಜಿನ್ ಅದನ್ನು ಒಳಗೆಳೆದುಕೊಂಡರೆ ವಿಮಾನದಲ್ಲಿದ್ದವರ ಗತಿ ಮುಗಿಯಿತು. ಕೂಲಿಯವರ, ಕಾಕಾನ, ತನ್ನ ಅಂಗಿಯ ಕಿಸೆಗಳನ್ನೆಲ್ಲ ಹೊಲಿಸಿ ಮುಚ್ಚಿಸಿದ್ದ. ನಾನು ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ ವಾರವೇ, ತಲೆಯ ಪಿನ್ನು ಬಿತ್ತೆಂದು ಎಲ್ಲರೆದುರು ಕೆನ್ನೆಗೆ ಬಿಗಿದ. ನಾನೇನು ಸುಮ್ಮನಿರಲಿಲ್ಲ, ಅವನ ಹೆಲ್ಮೆಟ್ ಕಿತ್ತು ಗಟಾರಕ್ಕೆ ಎಸೆದೆ. ಆಮೇಲೆ ಪಿನ್ನು ಮಾತ್ರ ಹಾಕಲಿಲ್ಲ.

ಬೆಳ್ಳಟ್ಟಿಯ ಆಚೆ ಖಾಸಗಿಯವರೊಬ್ಬರು ತರಬೇತಿ ವಿಮಾನಗಳಿಗೆಂದು ಸಣ್ಣ ರನ್‌ವೇ ಮಾಡಿಸಿದರು. ನಮ್ಮ ಸೀಮೆಯಲ್ಲಿ ಸಿಕ್ಕ ಮೊದಲ ಕೆಲಸ. ಅದಕ್ಕೇ ಮೊದಲ ವಿಮಾನ ಇಳಿಯುವ ದಿನ ಬೆಟಗೇರಿಯಿಂದ ಬಂಧು ಬಳಗವೆಲ್ಲ ಟೆಂಪೊ ಮಾಡಿಕೊಂಡು ಬಂತು. ವಿಮಾನ ಮಧ್ಯಾಹ್ನಕ್ಕೆ. ಬೆಳಿಗ್ಗೆಯೇ ಎಲ್ಲರೂ ಸಾಲಾಗಿ ನಡೆದು ಕಸ ಹರಳು ಆರಿಸಿದ್ದೆವು. ಪೂಜೆ, ಕಾಯಿ ಒಡೆಯುವುದು ಎಲ್ಲ ಬೇಲಿಯ ಹೊರಗೆ, ಅದು ಅಪ್ಪನ ಕಟ್ಟಪ್ಪಣೆ. ಆದರೆ ಇಷ್ಟು ಮಂದಿಯ ಕಣ್ಣು ಬಿದ್ದಿದೆ, ದೃಷ್ಟಿ ತೆಗೆಯಲೇಬೇಕು ಎಂದು ಅಜ್ಜಿ ಕಾಕಾನ ತಲೆ ತಿಂದಳು. ಅಪ್ಪ ಅತ್ತ ಚಹಾ ಕುಡಿಯುತ್ತಿದ್ದಾಗ ಕಾಕಾ ಬೂದುಗುಂಬಳಕ್ಕೆ ತೂತು ಕೊರೆದು, ಕುಂಕುಮ ತುಂಬಿ, ಅಜ್ಜಿ ಕೊಟ್ಟ ಒಂದು ರೂಪಾಯಿ ಒಳಗೆ ಹಾಕಿ, ನಿವಾಳಿಸಿ, ರನ್‌ವೇಯ ನಟ್ಟನಡುವೆ ಅಪ್ಪಳಿಸಿದ.

ಅಪ್ಪ ಓಡಿಬಂದವನೇ ಕೈಗೆ ಸಿಕ್ಕ ಪೊರಕೆಯ ಕೋಲು ಬೀಸಿದ. ಅದು ಕಾಕಾನ ಬಾಯಿಗೇ ಬಿತ್ತು. ಹಲ್ಲು ಮುರಿದು ಹಾರಿತು. ಕಾಕಾ ರಕ್ತ ಉಗುಳಿ, ಅಪ್ಪನನ್ನು ಕೆಡವಿ, ಎದೆಯ ಮೇಲೆ ಕೂತು, ಆ ಕುಂಬಳದ ತಿರುಳಿನಲ್ಲೇ ಅಪ್ಪನ ತಲೆಯನ್ನು ಕಾಂಕ್ರೀಟಿಗೆ ಜಜ್ಜತೊಡಗಿದ. ಯಾವುದು ಕುಂಕುಮ, ಯಾವುದು ರಕ್ತ, ಗೊತ್ತಾಗುತ್ತಿರಲಿಲ್ಲ. ನಾನು ಹೆಲ್ಮೆಟ್ಟಿನಿಂದ ಕಾಕಾನ ಬೆನ್ನಿಗೆ ಕೈ ಸೋಲುವವರೆಗೆ ಬಾರಿಸಿದೆ. ಕೂಲಿಯವರು ಬಂದು ಮೂವರನ್ನೂ ಬಿಡಿಸಿದರು.

ಯಾರೋ ಅಪ್ಪನ ತಲೆಗೆ ಟವೆಲ್ ಬಿಗಿದರು. ಎದ್ದು ಕೂತ ಅಪ್ಪ ಕೇಳಿದ್ದು ಒಂದೇ ಮಾತು.

"ರೂಪಾಯಿ ಎಲ್ಲಿ ಐತಿ?"

ಎಲ್ಲರೂ ಮಂಡಿಯೂರಿ ಹುಡುಕಿದೆವು. ಹೋಳುಗಳನ್ನು ಬಳಿದೆವು, ತಿರುಳನ್ನು ಜರಡಿ ಹಿಡಿದೆವು. ಸಿಗಲಿಲ್ಲ. ಅದು ಸಿಗುವವರೆಗೆ ವಿಮಾನ ಇಳಿಸಲು ಬಿಡುವುದಿಲ್ಲ ಎಂದ ಅಪ್ಪ. ಹಾಗಾದರೆ ಇನ್ನು ಮುಂದೆ ನಿಮಗೆ ಕೆಲಸವಿಲ್ಲ ಎಂದ ಮಾಲೀಕರ ಕಡೆಯವನು. ಸಿಕ್ಕಿತು ಅಂತ ಹೇಳಿಬಿಡೋಣ ಎಂದು ಕಾಕಾ ಗೊಣಗಿದ. ಅಪ್ಪ ಮತ್ತೆ ಹೊಡೆಯಲು ಎದ್ದು, ಅಲ್ಲೇ ಕುಸಿದುಬಿದ್ದ.

ಜೀಪಿನಲ್ಲಿ ಶಿರಹಟ್ಟಿಯ ದವಾಖಾನೆಗೆ ಒಯ್ದೆ. ಇವನು ಸತ್ತರೆ ಕಾಕಾನನ್ನು ನಾನೇ ಕೊಲ್ಲುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ, ಖರೇನೇ ಅಂದುಕೊಂಡೆ. ಅಲ್ಲಿ ಮುಟ್ಟುವಷ್ಟರಲ್ಲಿ ಅಪ್ಪನಿಗೆ ಎಚ್ಚರ ಬಂದಿತ್ತು. ನರ್ಸ್ ಟವೆಲ್ ಬಿಚ್ಚಿದಳು. ಹೆಪ್ಪುಗಟ್ಟಿದ ರಕ್ತದಲ್ಲಿ, ಕೂದಲಿಗೆ ಅಂಟಿಕೊಂಡು, ಆ ರೂಪಾಯಿ ಕೂತಿತ್ತು. ತೊಳೆದು ತೋರಿಸು ಎಂದ ಅಪ್ಪ. ಹೊರಳಿಸಿ ನೋಡಿ, ಕಾಕಾನಿಗೆ ಫೋನ್ ಹಚ್ಚು ಎಂದ.

ಕಾಕಾ ಇನ್ನೂ ರನ್‌ವೇ ಮೇಲೆ ಹುಡುಕುತ್ತಲೇ ಇದ್ದ. ನಾನು ಬಾಯಿ ತೆರೆಯುವ ಮೊದಲೇ, ಅಣ್ಣ ಇದ್ದಾನೋ ಇಲ್ಲವೋ ಎಂದು ಕೇಳಿದ. ಒಂದಿಷ್ಟು ಹೊತ್ತು ಉರಿಯಲಿ ಅಂತ ಬೇಕೆಂದೇ ಫೋನನ್ನು ಕಿವಿಯಿಂದ ದೂರ ಹಿಡಿದೆ. ಅಪ್ಪ ಫೋನ್ ಕಸಿದುಕೊಂಡ.

"ಅದೀನಲೇ. ರೂಪಾಯಿ ನನ್ನ ತಲಿಯಾಗ ಇತ್ತು. ನಿನ್ನ ಹಲ್ಲು ಆರಿಸೀದಿಲ್ಲೊ?"

ಆ ಕಡೆಯಿಂದ ಬಿಕ್ಕುವ ಸದ್ದು ನನಗೂ ಕೇಳಿಸಿತು.

"ಮುಷ್ಟಿಯಾಗ ಹಿಡಕೊಂಡೀನಣ್ಣಾ. ಕಿಸೆ ಹೊಲಿಸಿಬಿಟ್ಟೀಯಲ್ಲ ನೀನು."