ಜರ್ಮನ್ ಹಾಡಿನ ನಡುವಿನ ವಿಠ್ಠಲ

ಮಾರುತಿ ಕಾಕಾ, ಅಂದು ಆ ಜರ್ಮನ್ ಹಾಡಿನ ನಡುವೆ ‘ವಿಠ್ಠಲ, ವಿಠ್ಠಲ’ ಎಂದು ಕೂಗಿದವನು ನಾನು. ನೀವಲ್ಲ. ಇಷ್ಟು ವರ್ಷ ಈ ಮಾತು ನುಂಗಿಕೊಂಡೇ ನಿಮ್ಮ ಮನೆಯ ಚಹಾ ಕುಡಿದಿದ್ದೇನೆ — ಅದೂ ಸಕ್ಕರೆ ಕಡಿಮೆಯಾಯಿತೆಂದು ಗೊಣಗುತ್ತ.

ಎರಡು ಸಾವಿರದ ಆರೇಳರ ಸುಮಾರಿಗೆ ಸಕ್ಕರೆ ಕಾರ್ಖಾನೆಯ ಹೊಸ ಯಂತ್ರ ಜೋಡಿಸಲು ಜರ್ಮನಿಯಿಂದ ಸಾಹೇಬರೊಬ್ಬರು ಬಂದಿದ್ದರಲ್ಲ — ಕ್ರಿಸ್‌ಮಸ್ ಹತ್ತಿರವಾದಂತೆ ಅವರಿಗೆ ಊರಿನ ನೆನಪು ಕಾಡಿತು. ನಮ್ಮೂರು ಜುಗೂಳದ ಭಜನಾ ಮಂಡಳಿಯನ್ನೇ ಹಿಡಿದು, ತಮ್ಮ ನಾಡಿನ ನಾನೂರು ವರ್ಷ ಹಳೆಯ ದೇವರ ಹಾಡೊಂದನ್ನು ಕಲಿಸಿದರು. ನಾಲ್ಕು ಗುಂಪು, ನಾಲ್ಕು ಬೇರೆ ಧಾಟಿ, ಎಲ್ಲವೂ ಒಮ್ಮೆಲೇ! ಎಲ್ಲರೂ ಒಂದೇ ಧಾಟಿಯಲ್ಲಿ ಹಾಡಿ ಬೆಳೆದ ನಮಗೆ ಅದು ನಾಲ್ಕು ಮನೆಯ ಜಗಳದಂತೆ ಕೇಳಿಸಿತು. ನೀವು ಮಾತ್ರ ನಮ್ಮ ಕೆಳದನಿಯ ಪಾಲನ್ನು ಕಬ್ಬಿಗೆ ನೀರು ಹಾಯಿಸುವಾಗಲೂ ಗುನುಗಿದಿರಿ. ಮಿರಜದ ಚರ್ಚಿನಲ್ಲಿ ಹಾಡುವುದಿದೆ ಎಂದು ಹೊಸ ಕೋಟು ಹೊಲಿಸಿದಿರಿ.

ಹಾಡಿನ ನಡುವೆ ಒಂದು ಕಡೆ ನಾಲ್ಕೂ ದನಿ ಒಟ್ಟಿಗೆ ನಿಲ್ಲಬೇಕು. ಸುಮ್ಮನೆ. ಭಜನೆಯಲ್ಲಿ ಮುಂದಿನವ ಉಸಿರಿಗೆ ನಿಂತರೆ ಹಿಂದಿನವರು ದೇವರ ಹೆಸರು ತುಂಬದೆ ಬಿಡುತ್ತಾರೆಯೇ? ಮಿರಜಕ್ಕೆ ಹೋಗುವ ಮುನ್ನ ಗುಡಿಯ ಮುಂದೆ ಊರವರಿಗೆ ಹಾಡಿ ತೋರಿಸಿದೆವು. ಹಾಡು ನಿಂತಿತು. ನನ್ನ ಬಾಯಿ — ನಿಲ್ಲಲಿಲ್ಲ. ಊರಿಗೆ ಊರೇ ‘ವಿಠ್ಠಲ’ ಎಂದು ಉತ್ತರ ಕೊಟ್ಟಿತು. ಯಾರೋ ತಾಳವನ್ನೂ ಕುಟ್ಟಿದರು. ಜರ್ಮನ್ ಹಾಡು ಮತ್ತೆ ಹಿಂದಿರುಗಲೇ ಇಲ್ಲ. ಆರತಿ ಮಾಡಿಯೇ ಎದ್ದೆವು.

ಚರ್ಚಿನಲ್ಲಿ ಹೀಗಾದರೆ ನಡೆಯದು, ಕೂಗಿದವರು ಬರುವುದು ಬೇಡ ಎಂದರು ಸಾಹೇಬರು. ಯಾರು ಎಂದು ಕೇಳಿದರು. ನನಗೆ ಮಿರಜಕ್ಕೆ ಹೋಗಬೇಕಿತ್ತು. ಸುಳ್ಳು ಹೇಳಲಿಲ್ಲ ಕಾಕಾ — ಬರೀ ನಿಮ್ಮ ಕಡೆ ನೋಡಿದೆ. ಕಣ್ಣು ಮುಚ್ಚಿ ಹಾಡುವ ನೀವು ನನ್ನ ನೋಟವನ್ನೇ ನಂಬಿದಿರಿ.

“ನಂದ ದನಿ ಇರಬೇಕ ಬಿಡ್ರಿ, ಸಾಹೇಬ್ರ. ಹಾಡಾಕ ಹತ್ತಿದ್ರ ನನಗ ಖಬರ ಇರಂಗಿಲ್ಲ.”

ನಿಮ್ಮನ್ನು ಬಿಟ್ಟು ಹೊರಟಾಗ, “ಥಂಡಿ ಐತಿ, ಹಾಕ್ಕೊಂಡ ಹೋಗೋ” ಎಂದು ಆ ಕೋಟನ್ನು ನನ್ನ ಹೆಗಲಿಗೆ ಹಾಕಿದಿರಿ. ಅದನ್ನು ತೊಟ್ಟೇ ಹಾಡಿದೆ, ಕೇಕು ತಿಂದೆ. ಹಾಡು ನಿಲ್ಲುವಲ್ಲಿ ಬಾಯಿ ಎಲ್ಲಿ ಮತ್ತೆ ‘ವಿಠ್ಠಲ’ ಎಂದುಬಿಡುತ್ತದೋ ಎಂದು ಕೋಟಿನ ಕಾಲರನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. ಇಲಿ ಕಡಿಯಿತೆಂದು ಹೇಳಿ ಹಿಂದಿರುಗಿಸಿದ್ದೂ ನಾನೇ.

ಇಷ್ಟಕ್ಕೇ ಮುಗಿದಿದ್ದರೆ ಇಬ್ಬರೂ ನಗುತ್ತಿದ್ದೆವೇನೋ. ಆದರೆ ಅಂದಿನಿಂದ ನೀವು ಭಜನೆಯಲ್ಲೂ ಹಾಡಲಿಲ್ಲ. “ನನ್ನ ಬಾಯಿ ಮ್ಯಾಲ ನನಗ ನಂಬಿಗಿ ಇಲ್ಲೋ” ಎಂದು ಹಿಂದೆ ಕೂತು ಬರೀ ತಾಳ ಹಾಕುತ್ತೀರಿ. ಆ ತಾಳ ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಈ ಏಕಾದಶಿಯ ಭಜನೆಯಲ್ಲಿ ಎಲ್ಲರೆದುರು ಎದ್ದು ನಿಂತು ಹೇಳುತ್ತೇನೆ. ಅವರು ನಗಲಿ, ನೀವು ಬೈಯಿರಿ. ಆಮೇಲೆ ತಾಳ ನನ್ನ ಕೈಗೆ ಕೊಟ್ಟು ಮುಂದೆ ಬಂದು ಹಾಡಿ. ನಿಮ್ಮ ಬಾಯಿ ಅಂದು ನಿಲ್ಲಬೇಕಾದಲ್ಲೇ ನಿಂತಿತ್ತು, ಕಾಕಾ. ನಾನು ಪಕ್ಕದಲ್ಲೇ ಇದ್ದೆ.