ವೇದವತಿಯವರ ‘ಹತ್ತಬೇಕು’

ವೇದವತಿಯವರಿಗೆ ಯಾರಾದರೂ ‘ಆಯ್ತು’ ಅಂದರೆ ನಂಬಿಕೆ ಬರುವುದಿಲ್ಲ. ವಾಯುಸೇನೆಯ ಗಂಡನ ಹಿಂದೆ ಊರೂರು ಸುತ್ತಿ ನಾಗಪುರಕ್ಕೆ ಬಂದ ಗದಗಿನ ಹೆಣ್ಣುಮಗಳು. ಕ್ವಾರ್ಟರ್ಸ್ ಮಂಜೂರಾಯಿತೆಂದು ಆದೇಶ ಬಂದರೆ ಬೇರೆಯವರು ಸಿಹಿ ಹಂಚುತ್ತಿದ್ದರು. ಇವರು ಬೀಗ ತೆಗೆದು, ನಲ್ಲಿ ತಿರುವಿ, ನೀರು ಬಂದ ಮೇಲೆಯೇ ಗಂಟುಮೂಟೆ ಬಿಚ್ಚುತ್ತಿದ್ದರು.

ಈಗ ಅವರಿರುವುದು ಅಲ್ಲಿನ ಕೈಗಾರಿಕಾ ವಲಯವಾದ ಮಿಹಾನ್‌ನ ಒಂದು ಕಂಪನಿಯಲ್ಲಿ. ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳೆಲ್ಲ ಮುಂಬೈನಲ್ಲಿರುತ್ತವೆ. ಬೇಕಾದವನ್ನು ತರಿಸಿ ಇಲ್ಲಿನ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಡಾಕ್ಟರು ಕೇಳಿದ ಕೂಡಲೇ ಕೊಡುವ ಸಾಫ್ಟ್‌ವೇರ್ ಅವರ ಸುಪರ್ದಿಯಲ್ಲಿದೆ. ಮೈಸೂರಿನ ಕೌಶಿಕ್ ಈಚೆಗೆ ಅವರ ಜೊತೆ ಸೇರಿಕೊಂಡ. ಎಲ್ಲವನ್ನೂ ಎರಡೆರಡು ಸಲ ನೋಡುವ ಅವರ ಪದ್ಧತಿ ಕಂಡು, ‘ಇದೇನಪ್ಪ ಅತಿ ಅನುಮಾನ’ ಎಂದು ಒಳಗೊಳಗೇ ನಕ್ಕಿದ್ದ.

ಅವರು ರಜೆ ಹಾಕಿ ಸೀತಾಬರ್ಡಿ ಬಜಾರಿಗೆ ಸೀರೆ ತರಲು ಹೋದ ದಿನವೇ ಡಿಸ್ಕ್ ತುಂಬತೊಡಗಿತು. ಮುಂಬೈ ಲೈನ್ ಬೇರೆ ಆಮೆಯ ಹಾಗೆ ತೆವಳುತ್ತಿತ್ತು. ಅದೇ ಹೊತ್ತಿಗೆ, ಉಮರೇಡ್ ಗಣಿಯಲ್ಲಿ ಬಂಡೆ ಬಿದ್ದು ಸೊಂಟ ಮುರಿದುಕೊಂಡ ಕಾರ್ಮಿಕನೊಬ್ಬ ನಗರದ ಆಸ್ಪತ್ರೆಯಲ್ಲಿ ಆಪರೇಷನ್ ಮೇಜಿನ ಮೇಲಿದ್ದ. ಡಾಕ್ಟರು ಅವನ ಸ್ಕ್ಯಾನ್ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದರು. ಕೌಶಿಕ್ ಗಾಬರಿಯಿಂದ ಫೋನ್ ಮಾಡಿದ.

“ಮೇಡಂ, ಡಿಸ್ಕ್ ತುಂಬ್ತಾ ಇದೆ. ಮಿತಿ ನೂರಕ್ಕೆ ತೊಂಬತ್ತೈದು ಅಂತಿದೆ. ಸಾಫ್ಟ್‌ವೇರ್ ನಿಲ್ಲಿಸಿ ಮತ್ತೆ ಶುರು ಮಾಡ್ಲಾ?”

“ನಿಲ್ಲಸಬ್ಯಾಡ! ಡಾಕ್ಟರ್ ಚಿತ್ರ ನೋಡಾಕತ್ತಾರ. ಅದು ನಡದಿರುವಾಗನ ಬದಲ್ ಮಾಡು. ಮಿತಿ ಎಂಬತ್ತ ಹಾಕು. ಅದಕ್ಕಿಂತ ಹೆಚ್ಚಾದ್ರ ಹಳೇವನ್ನ ತಾನ ತಗದು ಒಗಿತೈತಿ.”

ಕೌಶಿಕ್ ಸೆಟ್ಟಿಂಗ್ ಫೈಲ್ ತೆರೆದು ಎಂಬತ್ತು ಬರೆದ. “ಆಯ್ತು ಮೇಡಂ.”

“ಬರದ್ರ ಆಗಂಗಿಲ್ಲ ತಮ್ಮಾ, ಹತ್ತಬೇಕು.”

ಅವರ ಊರಿನಲ್ಲಿ ಬಟ್ಟೆಗೆ ಬಣ್ಣ ಹತ್ತುತ್ತದೆ, ಕೂಸಿಗೆ ನಿದ್ದೆ ಹತ್ತುತ್ತದೆ. ಸೆಟ್ಟಿಂಗ್ ಕೂಡ ಹಾಗೆಯೇ ಹತ್ತಬೇಕು. ಮೈಸೂರಿನ ಕಿವಿಗೆ, ಆಟೋಗಳ ಹಾರ್ನ್ ನಡುವೆ, ಕೇಳಿಸಿದ್ದು ‘ಹತ್ತು ಬೇಕು’.

“ಹತ್ತು ಬೇಕಾ ಮೇಡಂ?”

“ಹೂಂ, ಹತ್ತಬೇಕು! ಜಲ್ದಿ ನೋಡು!”

ಪಾಪ, ಹುಡುಗ ಎಂಬತ್ತು ಅಳಿಸಿ ಹತ್ತು ಬರೆದ. ಮಿತಿ ಹತ್ತಕ್ಕೆ ಇಳಿದರೆ ಸಾಫ್ಟ್‌ವೇರ್ ಹೆಚ್ಚುಕಡಿಮೆ ಇಡೀ ಡಿಸ್ಕನ್ನೇ ಗುಡಿಸಿಹಾಕುತ್ತಿತ್ತು. ಮೇಜಿನ ಮೇಲಿದ್ದವನ ಚಿತ್ರಗಳೂ ಅದರ ಜೊತೆ ಹೋಗುತ್ತಿದ್ದವು; ಆ ಆಮೆ ಲೈನಿನಲ್ಲಿ ಮುಂಬೈನಿಂದ ಮತ್ತೆ ಬರುವುದು ಯಾವಾಗಲೋ.

“ಆಯ್ತು ಮೇಡಂ,” ಅಂದ.

“ನೀ ಬರದದ್ದು ಇರಲಿ. ಸಾಫ್ಟ್‌ವೇರನ್ನ ಕೇಳು, ಈಗ ಅದರ ತಲಿಯೊಳಗ ಎಷ್ಟೈತಿ?”

ಕೇಳಿದ. ಇನ್ನೂ ತೊಂಬತ್ತೈದೇ! ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅನ್ನುತ್ತಾರಲ್ಲ, ಫೈಲಿನದೂ ಅದೇ ಕಥೆ. ಮತ್ತೊಮ್ಮೆ ಓದಿಕೋ ಎಂದು ಆಜ್ಞೆ ಕೊಡುವ ತನಕ, ನಡೆಯುತ್ತಿರುವ ಸಾಫ್ಟ್‌ವೇರ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕೌಶಿಕ್ ಆ ಆಜ್ಞೆಯನ್ನೇ ಮರೆತಿದ್ದ.

“ಈಗ ಆಜ್ಞೆ ಕೊಡ್ತೀನಿ ಮೇಡಂ.”

“ತಡಿ. ಮೊದಲ ಫೈಲಿನ್ಯಾಗ ಏನೈತಿ, ಓದು.”

“ಹತ್ತು. ನೀವೇ ಹೇಳಿದ್ರಲ್ಲ, ಹತ್ತು ಬೇಕು ಅಂತ.”

ಹೇಳುತ್ತಿದ್ದ ಹಾಗೆಯೇ ಕೌಶಿಕನಿಗೆ ತಾನು ತಪ್ಪಾಗಿ ಕೇಳಿಸಿಕೊಂಡದ್ದು ಹೊಳೆಯಿತು. ಬೈಗುಳಕ್ಕೆ ಕಾದ. ಬರಲಿಲ್ಲ.

“ಎಂಟು, ಸೊನ್ನೆ,” ಎಂದರು ವೇದವತಿ, ಮಗುವಿಗೆ ಹೇಳಿಕೊಡುವಂತೆ. “ಬರದಿ? ಓದು. ಬರೋಬರ್. ಈಗ ಆಜ್ಞಾ ಕೊಡು. ಈಗ ಕೇಳು ಅದನ್ನ.”

“ಎಂಬತ್ತು ಅಂತಿದೆ ಮೇಡಂ.”

“ಡಿಸ್ಕ್ ಇಳಿಯಾಕತ್ತೈತೇನು?”

“ಇಳೀತಿದೆ.”

“ಡಾಕ್ಟರ್ ಚಿತ್ರ?”

ಕೌಶಿಕ್ ಇನ್ನೊಂದು ಫೋನಿನಿಂದ ಆಸ್ಪತ್ರೆಯವರನ್ನು ಕೇಳಿದ. ಚಿತ್ರಗಳೆಲ್ಲ ತೆರೆಯುತ್ತಿದ್ದವು. ಅದನ್ನು ಕೇಳಿದ ಮೇಲೆಯೇ ಅವರು ಉಸಿರು ಬಿಟ್ಟು, “ಹಾಂ, ಈಗ ಹತ್ತಿತು,” ಎಂದರು. ಎಂಥ ಹೆಂಗಸು ಮಾರಾಯರೆ! ಬೀದಿಯ ಮಧ್ಯೆ ಸೀರೆಯ ಗಂಟು ಹಿಡಿದು ನಿಂತು ಒಂದು ಜೀವ ಕಾದರು.

ಕಾರ್ಮಿಕನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮರುದಿನ ಮೀಟಿಂಗ್‌ನಲ್ಲಿ ಕೌಶಿಕ್ ಬಾಯಿ ತೆರೆಯುವ ಮೊದಲೇ ವೇದವತಿ ಎದ್ದು, ತಪ್ಪು ನನ್ನ ಮಾತಿನದು, ಇನ್ನು ಮೇಲೆ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುತ್ತೇನೆ ಎಂದುಬಿಟ್ಟರು.

ಹೊರಗೆ ಬಂದಾಗ ಕೌಶಿಕ್ ತಲೆ ತಗ್ಗಿಸಿ, “ಈ ಕೆಲಸ ನನ್ನ ಕೈಲಾಗಲ್ಲ ಅನ್ಸುತ್ತೆ ಮೇಡಂ. ಇವತ್ತು ಬೆಳಿಗ್ಗೆ ಬಂದವನೇ ಆ ಎಂಬತ್ತು ಇದೆಯೋ ಇಲ್ವೋ ಅಂತ ಮತ್ತೆ ಮತ್ತೆ ಕೇಳಿ ನೋಡಿದೆ,” ಅಂದ.

ವೇದವತಿ ನಕ್ಕರು.

“ಹಂಗಾರ ಕೆಲಸ ನಿನಗ ಹತ್ತೈತಿ ಬಿಡು.”

ಈ ಸಲ ಕೌಶಿಕನಿಗೆ ಸರಿಯಾಗಿ ಕೇಳಿಸಿತು.