ತಮ್ಮ ಅಂಟಿಸಿಹೋದ ತಂಡ

ತರೀಕೆರೆಯ ಕ್ಷೌರದಂಗಡಿಯಲ್ಲಿ ತಿಮ್ಮಣ್ಣ ದೇವರ ಪಟಗಳಿಗೆ ಊದಿನಕಡ್ಡಿ ಬೆಳಗಿ, ಕೊನೆಗೆ ಗೋಡೆಯ ಮೇಲಿನ ಮಾಸಿದ ಫುಟ್‌ಬಾಲ್ ತಂಡದ ಚಿತ್ರಕ್ಕೂ ಬೆಳಗಿದರು. ಕೆಳಗೆ ‘ಯುಗೊಸ್ಲಾವಿಯ’ ಎಂದಿತ್ತು.

“ಈ ಸಲದ ವರ್ಲ್ಡ್ ಕಪ್ಪಿಗೂ ಇವ್ರು ಆಯ್ಕೆ ಆಗಿಲ್ವಾ ಸಾರ್? ಪ್ರತಿ ಸಲಾನೂ ಪೇಪರಲ್ಲಿ ಹುಡುಕ್ತೀನಿ.”

ಆ ದೇಶ ಒಡೆದುಹೋಗಿ ಮೂವತ್ತು ವರ್ಷ ದಾಟಿತು, ಆಟಗಾರರೆಲ್ಲ ಬೇರೆ ಬೇರೆ ದೇಶದವರಾದರು ಎಂದು ಕುರ್ಚಿಯಲ್ಲಿ ಕೂತಿದ್ದ ನಾನು ಬಡಬಡನೆ ಹೇಳಿಬಿಟ್ಟೆ.

ಅವರು ಆ ಚಿತ್ರದ ಕಡೆ ತಿರುಗಿದರು. “ಅದನ್ನ ಅಂಟಿಸಿದ್ದು ನನ್ ತಮ್ಮ. ಒಂದಲ್ಲ ಒಂದಿನ ಇವ್ರೇ ಗೆಲ್ಲೋದು ಕಣಣ್ಣ ಅಂತಿದ್ದ. ಅವ್ನು ತೀರ್ಕೊಂಡ್ಮೇಲೆ ಅವನ ಬದ್ಲು ನಾನು ಕಾಯ್ತಿದ್ದೆ.”

ಮೊನ್ನೆ ಮತ್ತೆ ಹೋದಾಗ ಅವರು ದೇವರ ಪಟಗಳಿಗಷ್ಟೇ ಊದಿನಕಡ್ಡಿ ಬೆಳಗಿದರು. ಅಂದು ‘ಮುಂದಿನ ಸಲ ಬರಬಹುದು ತಿಮ್ಮಣ್ಣ’ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?